ವಂದನಾರ್ಪಣೆಗೆ ಮುಂಚಿನ ಪ್ರಶ್ನೆ

1973ರ ನವೆಂಬರ್ 19ರಂದು ಮೈಸೂರಿನ ವಿಚಾರ ಸಂಕಿರಣವೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮಾತಿಗೆ ನಿಂತರು. ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದುಬಿಟ್ಟರು. ಕಾಲೇಜುಗಳು ಹೊತ್ತಿ ಉರಿದವು. ಪರ-ವಿರೋಧದ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಕುವೆಂಪು ಬಸವಲಿಂಗಪ್ಪನವರ ಬೆಂಬಲಕ್ಕೆ ನಿಂತರೂ ಅವರ ಮಂತ್ರಿಗಿರಿ ಉಳಿಯಲಿಲ್ಲ.

ಅವರ ಮಾತು ಮಾತ್ರ ಉಳಿಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿಯ ಪರವಾಗಿ ಒಂದಾದ ಯುವಕರು ಚದುರಿಹೋಗಲಿಲ್ಲ. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ, ಆಗಿನ್ನೂ ಹೊಸಬರಾಗಿದ್ದ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರು ಸೇರಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಬೇರು ಈ ಗಲಾಟೆಯಲ್ಲಿದೆ.

ಅಂದು ವೇದಿಕೆಯ ಒಂದು ಮಾತು ಇಷ್ಟಕ್ಕೆಲ್ಲ ಕಾರಣವಾಯಿತು; ಇಂದು ಕಾಲೇಜುಗಳಲ್ಲಿ ಸಮಾನತೆ, ಸಂವಿಧಾನದ ಕುರಿತ ಉಪನ್ಯಾಸಗಳಿಗೆ ಕೊರತೆಯಿಲ್ಲ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಸೆಪ್ಟೆಂಬರ್ 15ಕ್ಕೆ ಪ್ರಜಾಪ್ರಭುತ್ವ ದಿನ, ನವೆಂಬರ್ 26ಕ್ಕೆ ಸಂವಿಧಾನ ದಿನ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಭಾಷಣ, ವಂದನಾರ್ಪಣೆ. ಊರಿಗೆ ಹೋಗುವ ಬಸ್ಸಿನ ಹೊತ್ತಾದರೆ ಮೊದಲು ಬಿಟ್ಟುಹೋಗುವುದು ಪ್ರಶ್ನೋತ್ತರ.

ಹೀಗಾಗದಿರಲು ಇರುವ ಒಂದು ದಾರಿ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್. 1969ರಲ್ಲಿ ಶುರುವಾದ ಈ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಏಳು ದಿನಗಳ ವಿಶೇಷ ಶಿಬಿರ ಕಾಲೇಜಿನಲ್ಲಲ್ಲ, ಹಳ್ಳಿಯಲ್ಲಿ. ಬೆಳಿಗ್ಗೆ ಶ್ರಮದಾನ, ಆಮೇಲೆ ಉಪನ್ಯಾಸ. ಅಲ್ಲಿ ಊರಿನವರೂ ಕೇಳುಗರು. ಸಮಾನತೆಯ ಬಗ್ಗೆ ಮಾತನಾಡುವವರು ಊರಿನ ಗುಡಿ, ಬಾವಿ, ಚರಂಡಿಗಳನ್ನು ಕಣ್ಣೆದುರೇ ಇಟ್ಟುಕೊಂಡು ಮಾತನಾಡಬೇಕಾಗುತ್ತದೆ.

ಗುಡಿಯ ಬಾಗಿಲಲ್ಲೇ ಸಮಾನತೆ ನಿಂತುಬಿಡುವುದಕ್ಕೆ ಹಾಸನ ಜಿಲ್ಲೆಯಲ್ಲಿ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಮಹಿಳೆಯರಿಗೆ ದಂಡ ಹಾಕಿದ್ದು ದೊಡ್ಡ ಸುದ್ದಿಯಾಯಿತು. ಮರುವರ್ಷ ಪೊಲೀಸ್ ಕಾವಲಿನಲ್ಲಿ ದಲಿತರು ಒಳಗೆ ಕಾಲಿಟ್ಟರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದೇಗುಲ ಪ್ರವೇಶ ನಡೆಯಿತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದು ಆಗ 71 ವರ್ಷ ಕಳೆದಿತ್ತು. ಅದೇ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೀಸಾವೆಯ ಸುತ್ತಲಿನ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಈ ವಿಧಿ ನೆರೆಯೂರಿನ ಸುದ್ದಿಯೂ ಹೌದು.

ರಾಜಕೀಯ ಸಮಾನತೆ ಬಂದರೂ ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಸರ್ಕಾರವೂ ಜಾಗೃತಿಗೆ ಕೈಹಾಕಿದೆ: 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಂವಿಧಾನದ ಪೀಠಿಕೆ ಓದಿಸಿತು. ಮರುವರ್ಷ ಅದೇ ದಿನ ಬೀದರ್‌ನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಮಾನವ ಸರಪಳಿ ನಿಂತಿತು.

ಭಾಷಣಕಾರರು ಹೆಚ್ಚಾಗಿ ಹೇಳದೆ ಬಿಡುವ ವಿಷಯವೊಂದಿದೆ. ಹದಿನೆಂಟು ತುಂಬಿ ಊರಿನ ಮತದಾರರ ಪಟ್ಟಿಗೆ ಹೆಸರು ಸೇರಿದ ಪದವಿ ವಿದ್ಯಾರ್ಥಿ 1993ರ ಪಂಚಾಯತ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಸದಸ್ಯ. ಚುನಾವಣೆಗೆ ನಿಲ್ಲಬೇಕಿಲ್ಲ, ಯಾರ ಶಿಫಾರಸೂ ಬೇಡ. ಕಾಲೇಜಿನಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಕೇಳದೆ ಉಳಿದ ಪ್ರಶ್ನೆಯನ್ನು ಆ ಸಭೆಯಲ್ಲಿ ಕೇಳಬಹುದು. ಅಲ್ಲಿ ಪಂಚಾಯಿತಿಯಿಂದ ಸ್ಪಷ್ಟನೆ ಕೇಳುವ ಹಕ್ಕು ಸಭೆಗಿದೆ.