ಅಂಕದ ಪತ್ರವಲ್ಲ, ಅಂಚೆಯ ಪತ್ರ

ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನದ ಪ್ರಶ್ನೆ ಸಾಮಾನ್ಯವಾಗಿ ತಪ್ಪುವುದಿಲ್ಲ. ನಿಮ್ಮೂರಿನ ಜಾತ್ರೆಗೆ ಬರುವಂತೆ ಗೆಳೆಯನಿಗೆ ಪತ್ರ ಬರೆಯಿರಿ ಎಂದೋ, ಶಾಲಾ ಪ್ರವಾಸವನ್ನು ವರ್ಣಿಸಿ ತಂದೆಯವರಿಗೆ ಬರೆಯಿರಿ ಎಂದೋ ಕೇಳುತ್ತಾರೆ. ವಿದ್ಯಾರ್ಥಿ ಇಲ್ಲದ ಗೆಳೆಯನನ್ನು ಕಲ್ಪಿಸಿಕೊಂಡು, ಇಲ್ಲದ ವಿಳಾಸ ಬರೆದು, ‘ಇಂತಿ ನಿನ್ನ ಪ್ರೀತಿಯ’ ಎಂದು ಮುಗಿಸಿ ಅಂಕ ಪಡೆಯುತ್ತಾನೆ. ಆ ಪತ್ರ ಗೆಳೆಯನಿಗೆ ತಲುಪುವುದಿಲ್ಲ, ಮೌಲ್ಯಮಾಪಕರಿಗೆ ತಲುಪುತ್ತದೆ!

ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆಯ ಯಾವುದಾದರೂ ತರಗತಿಯಲ್ಲಿ ‘ಸ್ವಂತ ಕೈಯಿಂದ ಅಂಚೆಪೆಟ್ಟಿಗೆಗೆ ಕಾಗದ ಹಾಕಿದವರು ಕೈ ಎತ್ತಿ’ ಎಂದು ಕೇಳಿದರೆ ಎಷ್ಟು ಕೈಗಳು ಮೇಲೇಳಬಹುದು? ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಂದೇಶ ಹೋಗುವಾಗ ಕಾಗದವೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ಹತ್ತನೆಯ ತರಗತಿ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಹೆತ್ತವರು ಗಮನಿಸಬೇಕು. ಏಳೆಂಟು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಒಬ್ಬ ಉಜಿರೆಗೆ, ಇನ್ನೊಬ್ಬಳು ಮೂಡುಬಿದಿರೆಗೆ, ಮತ್ತೊಬ್ಬ ಮಂಗಳೂರಿಗೆ ಹೋಗುತ್ತಾರೆ. ಪಿ.ಯು.ಸಿ. ವಿದ್ಯಾರ್ಥಿಗಳ ಅನೇಕ ಹಾಸ್ಟೆಲುಗಳಲ್ಲಿ ಮೊಬೈಲಿಗೆ ಅವಕಾಶವಿಲ್ಲ. ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಬಾಲ್ಯದ ಸ್ನೇಹ ತನ್ನಷ್ಟಕ್ಕೆ ಸವೆದುಹೋಗುತ್ತದೆ. ಇದನ್ನು ಉಳಿಸುವ ಒಂದು ಅಗ್ಗದ ಉಪಾಯ ಇನ್ನೂ ಪೇಟೆಯ ಅಂಚೆಕಚೇರಿಯಲ್ಲಿದೆ. ಸ್ವಲ್ಪ ಬಣ್ಣ, ಸ್ವಲ್ಪ ಅಂಟು, ಸ್ವಲ್ಪ ತಾಳ್ಮೆ ಸೇರಿಸಿದರೆ ಅದು ಒಳ್ಳೆಯ ಕಲೆಯೂ ಆಗುತ್ತದೆ.

ಓಲೆಯಿಂದ ಕಾಗದಕ್ಕೆ

ಬರಹವನ್ನು ಚಿತ್ರದಿಂದ ಅಲಂಕರಿಸುವ ಕೆಲಸ ಈ ಸೀಮೆಗೆ ಹೊಸತಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಮೊದಲಾದ ತಾಳೆಗರಿ ಗ್ರಂಥಗಳು ಜೈನ ಸಮಾಜಕ್ಕೆ ಪೂಜ್ಯ, ವಿದ್ವಾಂಸರಿಗೆ ಅಮೂಲ್ಯ. 12ನೆಯ ಶತಮಾನದ ಈ ಪ್ರತಿಗಳಲ್ಲಿ ಅಕ್ಷರಗಳ ಜೊತೆಗೆ ಬಣ್ಣದ ಕಿರುಚಿತ್ರಗಳೂ ಇವೆ. ಓಲೆ ಎಂಬ ಶಬ್ದಕ್ಕೇ ಗರಿ ಎಂಬ ಅರ್ಥವೂ ಇದೆ, ಪತ್ರ ಎಂಬ ಅರ್ಥವೂ ಇದೆ. ‘ಪತ್ರ’ ಎಂಬ ಸಂಸ್ಕೃತ ಶಬ್ದಕ್ಕೂ ಎಲೆ ಎಂಬ ಅರ್ಥವಿದೆ. ಮುಂದೆ ಎಲೆಯ ಜಾಗಕ್ಕೆ ಕಾಗದ ಬಂದಾಗ ನಮ್ಮ ಜನ ಪತ್ರವನ್ನೂ ‘ಕಾಗದ’ ಎಂದೇ ಕರೆದರು. ತುಳುವಿನಲ್ಲಿ ಅದು ‘ಕಾಕಜಿ’.

ಹಳೆಯ ಮೈಸೂರಿನಲ್ಲಿ ಅರಸರದೇ ‘ಅಂಚೆ’ ವ್ಯವಸ್ಥೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿಯವರ ಬಾಯಲ್ಲಿ ‘ಟಪ್ಪಾಲು’ ಎಂಬ ಮಾತೇ ಹೆಚ್ಚು ಕಾಲ ಉಳಿಯಿತು.

ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು ಬಂಟ್ವಾಳದಲ್ಲಿ ಹುಟ್ಟಿದ್ದು 1874ರಲ್ಲಿ. ಅದೇ ವರ್ಷ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟಕ್ಕೆ ಅಡಿಪಾಯ ಬಿತ್ತು. ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. 1879ರ ಜುಲೈ 1ರಂದು ಭಾರತದಲ್ಲಿ ಅಂಚೆ ಕಾರ್ಡು ಬಂತು, ಬೆಲೆ ಕಾಲು ಆಣೆ. ದೇಶದ ಯಾವ ಮೂಲೆಗಾದರೂ ಅದೇ ಬೆಲೆ. ಬಡವನ ಕೈಗೆ ಎಟಕುವ ಮೊದಲ ‘ದೂರಸಂಪರ್ಕ’ ಇದೇ ಎನ್ನಬೇಕು.

ಆ ಕಾರ್ಡು ತುಳುನಾಡಿನ ಎಷ್ಟು ಮನೆಗಳ ಕಥೆ ಹೇಳುತ್ತದೆ! ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದುತ್ತಿದ್ದ ಹುಡುಗರು ಊರಿಗೆ ಕಳುಹಿಸುತ್ತಿದ್ದ ಮನಿಯಾರ್ಡರ್ ಫಾರಂನ ಕೊನೆಯ ತುಂಡಿನಲ್ಲಿ ನಾಲ್ಕು ಸಾಲು ಬರೆಯುವಷ್ಟೇ ಜಾಗವಿರುತ್ತಿತ್ತು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುಮಾಡಿದರೆ ಒಂದು ಸಾಲು ಅಲ್ಲಿಗೇ ಮುಗಿಯಿತು. ಉಳಿದ ಮೂರು ಸಾಲಿನಲ್ಲಿ ಅಮ್ಮನ ಔಷಧಿ, ತಂಗಿಯ ಫೀಸು, ಹಟ್ಟಿಯ ದನ ಎಲ್ಲವೂ ಬರಬೇಕು. ಅಕ್ಷರ ಬಾರದ ಅಜ್ಜಿಗೆ ಅದನ್ನು ಜಗಲಿಯಲ್ಲಿ ಕುಳಿತು ಓದಿ ಹೇಳುವವನು ಎಷ್ಟೋ ಸಲ ಪೋಸ್ಟ್‌ಮ್ಯಾನ್.

ಓದುವ ಮೊದಲೇ ಸುದ್ದಿ ಹೇಳುವ ಕಾಗದಗಳೂ ಇದ್ದವು. ನಾಲ್ಕು ಮೂಲೆಗೆ ಅರಸಿನ ಹಚ್ಚಿದ್ದರೆ ಮದುವೆ, ಉಪನಯನ, ಗೃಹಪ್ರವೇಶ. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುವುದು ರೂಢಿ, ಅದನ್ನು ಮನೆಯಲ್ಲಿ ಇಡುತ್ತಿರಲಿಲ್ಲ. ಬಣ್ಣದಿಂದಲೇ ಮಾತಾಡುವ ಅಂಚೆಯ ಕಲೆಯನ್ನು ನಮ್ಮ ಹಿರಿಯರು ಹೆಸರಿಡದೆಯೇ ಮಾಡುತ್ತಿದ್ದರು ಎನ್ನಬಹುದಲ್ಲವೆ?

ಜಗತ್ತಿನ ಅಂಚೆಕಲೆ

ಇದಕ್ಕೆ ಹೆಸರು ಬಂದದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ 1950 ಮತ್ತು 60ರ ದಶಕಗಳಲ್ಲಿ ಕತ್ತರಿಸಿದ ಚಿತ್ರ, ಪತ್ರಿಕೆಯ ತುಂಡು, ಸ್ವಂತ ರೇಖಾಚಿತ್ರಗಳನ್ನು ಅಂಟಿಸಿ ಪರಿಚಿತರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದ. ನೀವೂ ಏನಾದರೂ ಸೇರಿಸಿ ಹಿಂದಕ್ಕೆ ಕಳುಹಿಸಿ ಎಂದು ಕೇಳಿಕೊಳ್ಳುತ್ತಿದ್ದ. ಒಂದೇ ಹಾಳೆಯ ಮೇಲೆ ಇಬ್ಬರು, ಮೂವರು ಕೈಯಾಡಿಸಿ ಚಿತ್ರ ಬೆಳೆಯುತ್ತಿತ್ತು. ಇದೇ ‘ಮೇಲ್ ಆರ್ಟ್’. ಇಂಥ ಕಲೆಯ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಶುಲ್ಕವಿಲ್ಲ, ತೀರ್ಪುಗಾರರಿಲ್ಲ, ಬಂದದ್ದನ್ನೆಲ್ಲ ತೂಗುಹಾಕುತ್ತಾರೆ.

ಜಪಾನಿನಲ್ಲಿ ‘ಎತೆಗಾಮಿ’ ಎಂಬ ಚಿತ್ರಪತ್ರದ ಹವ್ಯಾಸವಿದೆ. ಒಂದು ಬದನೆಕಾಯಿಯನ್ನೋ ಹೂವನ್ನೋ ಕುಂಚದಿಂದ ಬರೆದು, ಪಕ್ಕದಲ್ಲಿ ಎರಡು ಮಾತು ಗೀಚಿ ಗೆಳೆಯರಿಗೆ ಕಳುಹಿಸುತ್ತಾರೆ. ಚಿತ್ರ ಸೊಟ್ಟಗಾದರೂ ಅಡ್ಡಿಯಿಲ್ಲ, ಸೊಟ್ಟಗಿದ್ದರೇ ಚೆಂದ ಎಂಬುದು ಅವರ ತತ್ತ್ವ. ನಮ್ಮಲ್ಲೇ ಶಾಂತಿನಿಕೇತನದ ಕಲಾಗುರು ನಂದಲಾಲ ಬೋಸರು ಸಾಧಾರಣ ಅಂಚೆ ಕಾರ್ಡಿನ ಮೇಲೆ ಚಿತ್ರ ಬರೆದು ಶಿಷ್ಯರಿಗೂ ಸ್ನೇಹಿತರಿಗೂ ಕಳುಹಿಸುತ್ತಿದ್ದರು. ಅಷ್ಟು ದೊಡ್ಡ ಕಲಾವಿದರಿಗೆ ಅಷ್ಟು ಚಿಕ್ಕ ಜಾಗ ಸಾಕಾಗುತ್ತಿತ್ತು!

ಹಿತ್ತಿಲೇ ಬಣ್ಣದ ಅಂಗಡಿ

ಚಿತ್ರಪತ್ರ ಮಾಡಲು ಪೇಟೆಯಿಂದ ದುಬಾರಿ ಸಾಮಾನು ತರಬೇಕಾಗಿಲ್ಲ. ಸಾಗುವಾನಿಯ ಎಳೆ ಚಿಗುರನ್ನು ಕಾಗದದ ಮೇಲೆ ತಿಕ್ಕಿದರೆ ಕೆಂಪು ಬಣ್ಣ ಮೂಡುತ್ತದೆ. ಹಣ್ಣಾದ ಬಸಳೆಯ ಕಪ್ಪು ಬೀಜಗಳನ್ನು ಹಿಂಡಿದರೆ ಸೊಗಸಾದ ನೇರಳೆ ಶಾಯಿ. ಅರಸಿನದ ನೀರು ಹಳದಿಗೆ. ಇವೆಲ್ಲ ಬಿಸಿಲಿಗೆ ಮಾಸುವ ಬಣ್ಣಗಳು. ಆದ್ದರಿಂದ ಚಿತ್ರಕ್ಕೆ ಇವು ಇರಲಿ, ಮಾತಿಗೆ ಬಾಲ್ ಪೆನ್ನು ಇರಲಿ.

ವಿಜ್ಞಾನ ಪಾಠವನ್ನೂ ಲಕೋಟೆಯೊಳಗೆ ಇಡಬಹುದು. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ತಿಕ್ಕಿದರೆ ನೀಲಿ ನೇರಳೆ ಬಣ್ಣ ಬರುತ್ತದೆ. ಅದರ ತುಂಡೊಂದನ್ನು ಒಣಗಿಸಿ, ‘ಇದರ ಒಂದು ಬದಿಗೆ ಲಿಂಬೆರಸ, ಇನ್ನೊಂದು ಬದಿಗೆ ಸೋಡಾ ನೀರು ಹಾಕಿ ನೋಡು’ ಎಂದು ಬರೆದು ಕಳುಹಿಸಿ. ಗೆಳತಿಯ ಕೈಯಲ್ಲಿ ಒಂದು ಬದಿ ಗುಲಾಬಿ, ಇನ್ನೊಂದು ಬದಿ ಹಸಿರಾಗುತ್ತದೆ. ಇಲ್ಲಿ ಸೋಡಾ ಎಂದರೆ ಅಡುಗೆ ಸೋಡಾ, ಕುಡಿಯುವ ಸೋಡಾ ಅಲ್ಲ. ಅರಸಿನ ಬಳಿದು ಒಣಗಿಸಿದ ಕಾಗದದ ಮೇಲೆ ಸಾಬೂನು ನೀರಿನಿಂದ ಬರೆದರೆ ಅಕ್ಷರಗಳು ಕೆಂಪಾಗಿ ಏಳುತ್ತವೆ. ಎರಡರಲ್ಲೂ ಬಣ್ಣ ಬದಲಾಗುವುದು ಆಮ್ಲ, ಪ್ರತ್ಯಾಮ್ಲಗಳಿಂದ.

ಕಾಗದವನ್ನೇ ಮನೆಯಲ್ಲಿ ಮಾಡುವ ಆಸೆಯಿದ್ದರೆ ಕಳೆದ ವರ್ಷದ ನೋಟುಪುಸ್ತಕದ ಹಾಳೆಗಳನ್ನು ಚೂರುಮಾಡಿ ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಮಿಕ್ಸಿಯಲ್ಲಿ ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಸೊಳ್ಳೆಬಲೆಯ ಚೌಕಟ್ಟಿನಲ್ಲಿ ತೆಳುವಾಗಿ ಎತ್ತಿ, ಬಟ್ಟೆಯ ಮೇಲೆ ಮಗುಚಿ ಒಣಗಿಸಬೇಕು. ಅಂಟು ಹಾಕದಿದ್ದರೂ ಹಾಳೆ ಕೂಡಿಕೊಳ್ಳುತ್ತದೆ. ನೀರು ಆರಿದಂತೆ ಸೆಲ್ಯುಲೋಸ್ ನಾರುಗಳು ಒಂದಕ್ಕೊಂದು ಹತ್ತಿರವಾಗಿ ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಒಣಗಿದ ಹಾಳೆಗೆ ಗಂಜಿತಿಳಿ ಸವರಿದರೆ ಶಾಯಿ ಹರಡುವುದು ಕಡಿಮೆಯಾಗುತ್ತದೆ.

ತೋಟವಿದ್ದವರಿಗೆ ಅಡಿಕೆ ಹಾಳೆಯೂ ಇದೆ. ನೆನೆಸಿ ಮೆತ್ತಗಾದ ಹಾಳೆಯನ್ನು ಭಾರದ ಕಲ್ಲಿನಡಿ ಒಣಗಿಸಿದರೆ ಗಟ್ಟಿ ರಟ್ಟಿನಂತಾಗುತ್ತದೆ. ಇದನ್ನು ಬಿಡಿಯಾಗಿ ಕಳುಹಿಸದೆ ಲಕೋಟೆಯಲ್ಲಿಡುವುದು ಒಳ್ಳೆಯದು. ಯಾವ ವಸ್ತುವಾದರೂ ಪೂರ್ತಿ ಒಣಗಿರಬೇಕು. ಹಸಿ ಎಲೆ, ಹೂ ಇಟ್ಟರೆ ಗೆಳೆಯನಿಗೆ ಸಿಗುವುದು ಬೂಷ್ಟು ಮಾತ್ರ!

ತೂಕ, ವಿಳಾಸ, ಮಳೆ

ಇಲಾಖೆಯ ಅಂಚೆ ಕಾರ್ಡಿನ ಅಳತೆ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಮನೆಯಲ್ಲಿ ಮಾಡುವ ಕಾರ್ಡಿಗೂ ಅದೇ ಅಳತೆ, ಸುಮಾರು ಅದೇ ದಪ್ಪ ಇರಲಿ. ಸಾಧಾರಣ ಲಕೋಟೆಯ ಮೊದಲ ದರ 20 ಗ್ರಾಂ ತೂಕದವರೆಗೆ ಅನ್ವಯಿಸುತ್ತದೆ. ಇಲ್ಲೊಂದು ಸುಲಭ ಲೆಕ್ಕವಿದೆ. ಎ4 ಅಳತೆಯ ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರ್. ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದವಾದರೆ ಒಂದು ಹಾಳೆಗೆ 5 ಗ್ರಾಂ. ಮೂರು ಹಾಳೆ 15 ಗ್ರಾಂ, ಉಳಿದದ್ದು ಲಕೋಟೆಗೆ. ಅಲಂಕಾರ ಹೆಚ್ಚಾದರೆ ಅಂಚೆಕಚೇರಿಯಲ್ಲಿ ತೂಗಿಸಿ, ಆಗಿನ ದರ ವಿಚಾರಿಸಿ ಸ್ಟಾಂಪು ಅಂಟಿಸುವುದು ಕ್ಷೇಮ. ಸ್ಟಾಂಪು ಕಡಿಮೆಯಾದರೆ ಪತ್ರ ಪಡೆದವರೇ ದಂಡ ತೆರಬೇಕಾಗುತ್ತದೆ.

ಚಿತ್ರಕ್ಕೆ ಲಕೋಟೆಯ ಎಡಭಾಗ ಸಾಕು. ಬಲಮೂಲೆ ಸ್ಟಾಂಪಿಗೆ, ಅದರ ಕೆಳಗೆ ಅಚ್ಚುಕಟ್ಟಾದ ವಿಳಾಸ. ಪಿನ್‌ಕೋಡ್ ಮರೆಯಬಾರದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕೆಗಳಲ್ಲಿ ಒಂದು ಕ್ರಮವಿದೆ. ಬಂಟ್ವಾಳ 574211, ಬೆಳ್ತಂಗಡಿ 574214, ಮೂಡುಬಿದಿರೆ 574227. ಮೊದಲ ಅಂಕೆ 5 ದಕ್ಷಿಣದ ವಲಯವೊಂದನ್ನು ತೋರಿಸುತ್ತದೆ. 56ರಿಂದ 59ರವರೆಗಿನ ಸಂಖ್ಯೆಗಳು ಕರ್ನಾಟಕಕ್ಕೆ. 574 ಎಂಬುದು ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಕೆ ಬಟವಾಡೆಯ ಅಂಚೆಕಚೇರಿ. ಮಂಗಳೂರು ನಗರವಾದರೆ 575. ಒಂದು ಅಂಕೆ ತಪ್ಪಿದರೂ ಕಾಗದ ಊರು ಸುತ್ತಬೇಕಾಗುತ್ತದೆ.

ನಮ್ಮ ಜಿಲ್ಲೆಯ ಮಳೆಗಾಲ ಬೇರೆ. ಸ್ಕೆಚ್ ಪೆನ್ನಿನ ಶಾಯಿ ನೀರಿನಲ್ಲಿ ಕರಗುತ್ತದೆ, ಒಂದು ಹನಿ ಬಿದ್ದರೆ ವಿಳಾಸವೇ ಕಲಸಿಹೋಗುತ್ತದೆ. ಬಾಲ್ ಪೆನ್ನಿನಿಂದ ಬರೆದು ಅದರ ಮೇಲೆ ಮೇಣದ ಬತ್ತಿಯನ್ನು ಹಗುರವಾಗಿ ಉಜ್ಜಿದರೆ ನೀರು ಜಾರಿಹೋಗುತ್ತದೆ. ಕೆಸುವಿನೆಲೆಯ ಮೇಲೆ ನೀರು ನಿಲ್ಲದಿರುವುದಕ್ಕೂ ಅಲ್ಲಿಯ ಮೇಣದ ಪದರವೇ ಮುಖ್ಯ ಕಾರಣ.

ಏನು ಬರೆಯಬೇಕು?

‘ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂಬಲ್ಲಿಗೆ ಅನೇಕರ ಪೆನ್ನು ನಿಲ್ಲುತ್ತದೆ. ಬರೆಯುವುದಕ್ಕೆ ವಿಷಯ ಬೇಕಾದರೆ ಸುತ್ತಲೂ ನೋಡಬೇಕು. ಬಂಟ್ವಾಳದ ಹುಡುಗ ನೇತ್ರಾವತಿಯ ನೀರು ಇಂದು ಎಲ್ಲಿಯವರೆಗೆ ಏರಿದೆ ಎಂದು ಬರೆಯಬಹುದು. 1923 ಮತ್ತು 1974ರ ನೆರೆಯ ಬಗ್ಗೆ ಮನೆಯ ಹಿರಿಯರಿಂದ ಕೇಳಿದ್ದನ್ನು ಸೇರಿಸಬಹುದು. ಬೆಳ್ತಂಗಡಿಯ ಹುಡುಗಿ ಮೋಡ ಮುಸುಕಿದ ಗಡಾಯಿಕಲ್ಲನ್ನು ಎರಡು ಗೆರೆಯಲ್ಲಿ ಬರೆದು, ಅಲ್ಲಿ 1794ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆಯ ವಿಷಯ ತಿಳಿಸಬಹುದು. ಮೂಡುಬಿದಿರೆಯವರಿಗೆ 1430ರ ಸಾವಿರ ಕಂಬದ ಬಸದಿ ಇದೆ. ಚೌಟರ ಅರಮನೆಯ ಮರದ ಕೆತ್ತನೆಯಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಇವೆ. ಬರೆದು ಕಳುಹಿಸಲು ಇದಕ್ಕಿಂತ ಒಳ್ಳೆಯ ಒಗಟು ಬೇರೆ ಬೇಕೆ?

ಮೂರು ಊರಿನ ಮೂವರು ಗೆಳೆಯರಿದ್ದರೆ ‘ಸೇರಿಸಿ ಕಳುಹಿಸು’ ಎಂಬ ಆಟವನ್ನೂ ಆಡಬಹುದು. ಒಬ್ಬ ಹಾಳೆಯ ಮೂರನೆಯ ಒಂದು ಭಾಗದಲ್ಲಿ ಚಿತ್ರ ಬರೆದು ಎರಡನೆಯವಳಿಗೆ, ಅವಳು ಮುಂದುವರಿಸಿ ಮೂರನೆಯವನಿಗೆ. ತಿಂಗಳೊಳಗೆ ಹಾಳೆ ಹೊರಟಲ್ಲಿಗೇ ತುಂಬಿಕೊಂಡು ಬರುತ್ತದೆ. ಶಾಲೆಗಳೂ ಇದನ್ನು ಮಾಡಿಸಬಹುದು. ಒಂದು ಶಾಲೆಯ ಏಳನೆಯ ತರಗತಿ ಇನ್ನೊಂದು ಶಾಲೆಯ ಏಳನೆಯ ತರಗತಿಗೆ ಅಧ್ಯಾಪಕರ ಮೂಲಕ, ಶಾಲೆಯ ವಿಳಾಸಕ್ಕೆ ಬರೆಯಲಿ. ಅಪರಿಚಿತರಿಗೆ ಮನೆಯ ವಿಳಾಸ ಕೊಡಬಾರದು ಎಂಬ ಎಚ್ಚರವೂ ಇದರಿಂದ ಪಾಲನೆಯಾಗುತ್ತದೆ.

ಸ್ಪರ್ಧೆಯ ಉತ್ಸಾಹವಿದ್ದವರಿಗೆ ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ ‘ಢಾಯಿ ಆಖರ್’ ಪತ್ರಲೇಖನ ಸ್ಪರ್ಧೆ ಇದೆ, ಅದರಲ್ಲಿ ಕನ್ನಡದಲ್ಲೂ ಬರೆಯಬಹುದು. 9ರಿಂದ 15 ವರ್ಷದವರಿಗಾಗಿ ವಿಶ್ವ ಅಂಚೆ ಒಕ್ಕೂಟ 1971ರಿಂದ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸುತ್ತ ಬಂದಿದೆ. ಪ್ರಕಟಣೆ ಹೊರಡುವ ಸಮಯವನ್ನು ಅಂಚೆಕಚೇರಿಯಲ್ಲಿ ವಿಚಾರಿಸಬಹುದು.

ಹೆತ್ತವರಿಗೆ ಎರಡು ಮಾತು. ಮಗು ಗೆಳೆಯನಿಗೆ ಬರೆದ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಲು ಹೋಗಬೇಡಿ. ಅದು ಉತ್ತರಪತ್ರಿಕೆಯಲ್ಲ. ಕಾಗುಣಿತ ತಪ್ಪಿದ್ದರೂ ಗೆಳೆಯನಿಗೆ ಅರ್ಥವಾಗುತ್ತದೆ, ನಾಲ್ಕು ಪತ್ರ ಬರೆಯುವಷ್ಟರಲ್ಲಿ ಬರಹ ತಾನಾಗಿ ಸರಿಯಾಗುತ್ತದೆ. ಇನ್ನೊಂದು, ಹಾಸ್ಟೆಲಿನಲ್ಲಿರುವ ಮಗಳಿಗೋ ಮಗನಿಗೋ ತಿಂಗಳಿಗೊಂದು ಕಾಗದ ನೀವೂ ಬರೆಯಿರಿ. ಫೋನಿನಲ್ಲಿ ‘ಊಟ ಆಯಿತಾ, ಟೆಸ್ಟಿನಲ್ಲಿ ಎಷ್ಟು ಬಂತು’ ಎಂದು ಕೇಳಿದ್ದು ಮರುದಿನಕ್ಕೆ ಮರೆತುಹೋಗುತ್ತದೆ. ‘ಅಂಗಳದ ನೆಕ್ಕರೆ ಮಾವಿನಲ್ಲಿ ಹೂ ಬಿಟ್ಟಿದೆ, ನೀನು ಬರುವಾಗ ಮಿಡಿಯಾಗಿರುತ್ತದೆ’ ಎಂಬ ಒಂದು ಸಾಲಿನ ಕಾಗದ ಪುಸ್ತಕದ ನಡುವೆ ಉಳಿಯುತ್ತದೆ. ಮನಸ್ಸು ಕುಗ್ಗಿದ ದಿನ ಮಕ್ಕಳು ಅದನ್ನು ಮತ್ತೆ ತೆಗೆದು ಓದುತ್ತಾರೆ.

ಈ ಭಾನುವಾರ ಮನೆಯಲ್ಲಿ ಒಂದು ಕಾರ್ಡು ತಯಾರಾಗಲಿ. ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ಪೆಟ್ಟಿಗೆಗೆ ಹಾಕಿದರಾಯಿತು. ಹಾಕುವ ಮೊದಲು ಸ್ಟಾಂಪು ಅಂಟಿಸಿದ್ದೀರಾ, ಪಿನ್‌ಕೋಡ್ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.