‘ಅಂಗನವಾಡಿ’ ಎಂಬ ಶಬ್ದವೂ ಅದರ ಅರ್ಥವೂ

‘ಅಂಗನವಾಡಿ’ ಎಂಬುದು ಈಗ ಕನ್ನಡದಲ್ಲಿ ಮನೆಮಾತಾಗಿರುವ ಶಬ್ದವು. ಇದರ ಪೂರ್ವಪದವು ಸಂಸ್ಕೃತದ ‘ಅಂಗನ’. ‘ಅಂಗಣ’ವೆಂಬ ರೂಪವೂ ಉಂಟು. ಅಮರಸಿಂಹನು ಚತ್ವರ, ಅಜಿರಗಳನ್ನು ಇದಕ್ಕೆ ಪರ್ಯಾಯಗಳಾಗಿ ಹೇಳಿರುವನು. ಮನೆಯಂಗಳವೆಂದು ಅರ್ಥ. ಉತ್ತರಪದವು ‘ವಾಟೀ’ ಶಬ್ದದಿಂದ ಬಂದುದು. ಸ್ತ್ರೀವಾಚಕವಾದ ‘ಅಂಗನಾ’ ಶಬ್ದವನ್ನು ಇಲ್ಲಿ ಕಲ್ಪಿಸುವುದು ಸಾಧುವಲ್ಲ; ಆದರೆ ಅಲ್ಲಿ ದುಡಿಯುವವರು ಸ್ತ್ರೀಯರೇ ಆದುದರಿಂದ ಆ ಭ್ರಾಂತಿಯನ್ನು ಮನ್ನಿಸಬಹುದು.

‘ಶಾಲೆ’ಯೆನ್ನದೆ ‘ಅಂಗಳ’ವೆಂದುದೇಕೆ? ಇದು ವಿಚಾರಾರ್ಹವು. ಆಗಿನ ಮುಂಬಯಿ ಪ್ರಾಂತದ ಕಡಲಕರೆಯಲ್ಲಿರುವ ಬೋರ್ಡಿ ಎಂಬ ಊರಿನಲ್ಲಿ ತಾರಾಬಾಯಿ ಮೋಡಕರು 1945ರಲ್ಲಿ ಬಾಲವಾಡಿಯೊಂದನ್ನು ತೆರೆದರು. ಅನುತಾಯಿ ವಾಘರು ಅವರಿಗೆ ಸಹಾಯಕರಾಗಿ ನಿಂತರು. ಯಾರಿಗಾಗಿ ಈ ಪ್ರಯತ್ನವೋ ಆ ಬಡವರ, ಆದಿವಾಸಿಗಳ ಮಕ್ಕಳೇ ಬಾರದೆ ಹೋದರು. ತಾಯ್ತಂದೆಗಳಿಗೆ ವಿದ್ಯೆಯ ಬೆಲೆ ತಿಳಿಯದೆಂದು ಹಳಿದು ಸುಮ್ಮನಾಗುವುದು ಸುಲಭವಾಗಿತ್ತು. ತಾರಾಬಾಯಿಯವರು ಹಾಗೆ ಮಾಡದೆ ಆ ಮಕ್ಕಳ ಅಂಗಳಕ್ಕೆ ತಾವೇ ಹೋದರು, ಬಾಲವಾಡಿಯು ಅಂಗನವಾಡಿಯಾಯಿತು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಸಿದುದೂ ಉಂಟು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾದಾಗ ಸರ್ಕಾರವು ಈ ಹೆಸರನ್ನೇ ಸ್ವೀಕರಿಸಿತು. ನಮ್ಮ ಸೀಮೆಯಲ್ಲಿ ಮೊದಲು ತಿ. ನರಸೀಪುರಕ್ಕೆ ಆ ಭಾಗ್ಯವು ದೊರೆಯಿತು. ಹೆಸರು ಬಂದಿತು, ಅರ್ಥವು ಬರಲಿಲ್ಲ. ಗೋಡೆ, ಬಾಗಿಲು, ವೇಳೆಗಳುಳ್ಳ ಕೇಂದ್ರವು ಒಂದೆಡೆ ನಿಂತಿತು. ಮಗುವೇ ಅಲ್ಲಿಗೆ ನಡೆದು ಬರಬೇಕಾಯಿತು.

ಬಾರದಿರುವವರು ಎರಡು ಬಗೆಯವರು. ಹಣವುಳ್ಳವರು ಮಕ್ಕಳನ್ನು ಖಾಸಗಿ ನರ್ಸರಿಗೆ ಕಳುಹಿಸುವರು. ಈ ಲೇಖಕನ ಮೊಮ್ಮಗನೂ ಅಲ್ಲಿಗೇ ಹೋದವನು; ಆದಕಾರಣ ಅವರನ್ನು ಕುರಿತು ಹೆಚ್ಚು ಹೇಳುವ ಅಧಿಕಾರವು ನನಗಿಲ್ಲ. ಇನ್ನೊಂದು ಬಗೆಯವರೇ ಚಿಂತಿಸತಕ್ಕವರು. ಊರಿನಿಂದ ದೂರವಾದ ತಾಂಡಾ, ಹಾಡಿಗಳವರು, ಕಬ್ಬು ಕಡಿಯಲು ಹೋಗುವವರು, ಕಟ್ಟಡದ ಕೆಲಸಕ್ಕೆ ವಲಸೆ ಬಂದು ತಗಡಿನ ಜೋಪಡಿಗಳಲ್ಲಿರುವವರು. ಇವರ ಮಗುವಿನ ಹೆಸರು ಒಂದು ಊರಿನ ದಾಖಲೆಯಲ್ಲಿರುವುದು, ಮಗು ಇನ್ನೊಂದು ಊರಿನಲ್ಲಿರುವುದು.

ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರವೆಂದು ನಿಯಮವು. 2006ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಕೇಂದ್ರವಿಲ್ಲದ ಹಳ್ಳಿ, ಕೊಳೆಗೇರಿಗಳವರು ಕೇಳಿದ ಮೂರು ತಿಂಗಳೊಳಗೆ ಅದನ್ನು ಒದಗಿಸಬೇಕೆಂದು ಆಜ್ಞಾಪಿಸಿತು. ಉದಾರವಾದ ಆಜ್ಞೆಯೇ ಸರಿ. ಆದರೆ ಕೇಳುವುದಕ್ಕೂ ಒಂದು ವಿದ್ಯೆ ಬೇಕು. ಅರ್ಜಿಯನ್ನು ಬರೆಯಬಲ್ಲವನು ತನ್ನ ಕೇರಿಗೆ ಕೇಂದ್ರವನ್ನು ತರುವನು. ಬರೆಯಲಾರದವನ ಕೇರಿಯು ಮೊದಲಿನಂತೆಯೇ ಉಳಿಯುವುದು.

ಅಂಗನವಾಡಿ ಸಹಾಯಕಿಯ ಕರ್ತವ್ಯಗಳಲ್ಲಿ ಅಡಿಗೆ, ಕಸಗುಡಿಸುವುದು ಇವುಗಳೊಡನೆ ಎಳೆಯ ಮಕ್ಕಳನ್ನು ಮನೆಗಳಿಂದ ಕರೆತರುವುದೂ ಸೇರಿದೆ. ತಾರಾಬಾಯಿಯವರ ಅಂಗಳದ ಅರ್ಥವು ಇಂದು ಉಳಿದಿರುವುದು ಆಕೆಯ ಆ ನಡಿಗೆಯಲ್ಲಿ. ಆಕೆಗೆ ಸಲ್ಲುವುದನ್ನು ಸರ್ಕಾರವು ಸಂಬಳವೆನ್ನದೆ ‘ಗೌರವಧನ’ವೆನ್ನುತ್ತದೆ. ಈ ಸಮಾಸದ ವಿಗ್ರಹವನ್ನು ಬೇರೊಂದು ಸಂದರ್ಭದಲ್ಲಿ ವಿಚಾರಿಸುವೆನು.