ಅಂತರ ಕಿರಿದಾದಾಗ: ಎಲೆಕ್ಟ್ರಾನುಗಳ ನಂಟಿನ ಕಥೆ

ವಿಜಯದಾಸರ ಹುಟ್ಟೂರಾದ ಚೀಕಲಪರ್ವಿ ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ಬೇಸಗೆಯಲ್ಲಿ ನೀರು ಇಳಿದಾಗ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ದಾಟುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಕಲ್ಲುಗಳ ನಡುವೆ ಒಂದು ಹೆಜ್ಜೆಯ ಅಂತರವಿದ್ದರೆ ಅವನು ಓಡುತ್ತಲೇ ದಾಟುತ್ತಾನೆ. ಎರಡು ಹೆಜ್ಜೆಯಾದರೆ ಹಾರಬೇಕು. ನಾಲ್ಕು ಹೆಜ್ಜೆಯಾದರೆ ನಿಂತೇಬಿಡುತ್ತಾನೆ. ಕಲ್ಲುಗಳು ಅವೇ, ಹುಡುಗನೂ ಅವನೇ. ಬದಲಾದದ್ದು ಅಂತರ ಮಾತ್ರ. ಅಣುಗಳ ಲೋಕದಲ್ಲಿ ಎಲೆಕ್ಟ್ರಾನಿನ ಪಾಡೂ ಹೆಚ್ಚುಕಡಿಮೆ ಹೀಗೆಯೇ.

ತಾಮ್ರ ವಿದ್ಯುದ್ವಾಹಕ, ಗಂಧಕ ಅವಾಹಕ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ವಸ್ತುವಿನ ಗುಣವನ್ನು ಅದರ ಧಾತು ನಿರ್ಧರಿಸುತ್ತದೆ ಎಂಬುದು ಇದರ ಅರ್ಥ. ಇದು ನಿಜ, ಆದರೆ ಪೂರ್ತಿ ನಿಜವಲ್ಲ. ಕಣಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಎಂಬುದೂ ಅಷ್ಟೇ ಮುಖ್ಯ.

ಎಲೆಕ್ಟ್ರಾನು ಬರಿಯ ಕಣವಲ್ಲ, ಅದಕ್ಕೆ ಅಲೆಯ ಸ್ವಭಾವವೂ ಉಂಟು. ಒಂದು ಅಣುವಿನಲ್ಲಿರುವ ಎಲೆಕ್ಟ್ರಾನಿನ ಅಲೆ ಅಣುವಿನ ಅಂಚಿನಲ್ಲಿ ಥಟ್ಟನೆ ಮುಗಿಯುವುದಿಲ್ಲ. ಕ್ಷೀಣಿಸುತ್ತ ತುಸು ದೂರ ಹೊರಗೂ ಚಾಚಿರುತ್ತದೆ. ಪಕ್ಕದ ಅಣು ಸಾಕಷ್ಟು ಸಮೀಪವಿದ್ದರೆ ಎರಡರ ಅಲೆಗಳೂ ಒಂದರ ಮೇಲೊಂದು ಹಾಯುತ್ತವೆ. ಆಗ ಸಮಾನವಾಗಿದ್ದ ಎರಡು ಶಕ್ತಿಮಟ್ಟಗಳಲ್ಲಿ ಒಂದು ಕೊಂಚ ಕೆಳಕ್ಕೂ ಇನ್ನೊಂದು ಕೊಂಚ ಮೇಲಕ್ಕೂ ಸರಿಯುತ್ತವೆ. ಎಲೆಕ್ಟ್ರಾನು ಎರಡೂ ಅಣುಗಳಿಗೆ ಸೇರಿದ್ದಾಗುತ್ತದೆ. ಈ ನಂಟನ್ನು ವಿಜ್ಞಾನಿಗಳು ಎಲೆಕ್ಟ್ರಾನಿಕ್ ಕಪ್ಲಿಂಗ್ ಎನ್ನುತ್ತಾರೆ. ನಾವು ಎಲೆಕ್ಟ್ರಾನ್ ಯುಗ್ಮನ ಎನ್ನೋಣ.

ಅಂತರ ಹೆಚ್ಚಿದಂತೆ ಈ ನಂಟು ಬಲು ಬೇಗ ಕುಗ್ಗುತ್ತದೆ. ಎರಡು ಲೋಹಗಳ ನಡುವೆ ಇಂಗಾಲದ ಕೊಂಡಿಗಳ ಸರಪಳಿಯೊಂದನ್ನು ಇಟ್ಟಿದ್ದೇವೆ ಎನ್ನಿ. ಮೇಣದಲ್ಲಿರುವಂಥ ಸರಪಳಿಯಾದರೆ, ಒಂದೊಂದು ಕೊಂಡಿ ಹೆಚ್ಚಿದಾಗಲೂ ದಾಟುವ ವಿದ್ಯುತ್ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಕೊಂಡಿಗಳು ಹೆಚ್ಚಿದರೆ ಅದು ಹತ್ತಾರು ಸಾವಿರ ಪಟ್ಟು ಕಡಿಮೆ! ಹೊಳೆ ದಾಟುವ ಹುಡುಗನ ಹೋಲಿಕೆ ಇಲ್ಲಿ ಸೋಲುತ್ತದೆ. ಎಲೆಕ್ಟ್ರಾನು ಅಡ್ಡಿಯ ಮೇಲಿಂದ ಹಾರುವುದಿಲ್ಲ. ಸುರಂಗದಲ್ಲಿ ನುಸುಳಿದಂತೆ ಅಡ್ಡಿಯ ಒಳಗಿನಿಂದಲೇ ಆಚೆ ಹೋಗುತ್ತದೆ. ಇದಕ್ಕೆ ಟನಲಿಂಗ್ ಎಂದು ಹೆಸರು.

1997ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಡೆದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಕೆಲವೇ ನ್ಯಾನೊಮೀಟರ್ ಗಾತ್ರದ ಬೆಳ್ಳಿಯ ಕಣಗಳಿಗೆ ಮೇಣದಂಥ ಅಣುಗಳ ಹೊದಿಕೆ ತೊಡಿಸಿ, ಅವನ್ನು ನೀರಿನ ಮೇಲೆ ಒಂದೇ ಪದರವಾಗಿ ತೇಲಿಬಿಟ್ಟರು. ಮೀಟರಿನ ನೂರು ಕೋಟಿಯ ಒಂದು ಪಾಲೇ ನ್ಯಾನೊಮೀಟರ್ ಎಂಬುದು ನಿಮಗೆ ಗೊತ್ತಿದೆ. ಅಂಚಿನಿಂದ ಮೆಲ್ಲಗೆ ಒತ್ತುತ್ತ ಹೋದಾಗ ಕಣಗಳು ಹತ್ತಿರ ಬಂದವು. ನಡುವಿನ ಅಂತರ ಅರ್ಧ ನ್ಯಾನೊಮೀಟರಿಗಿಂತ ಕಡಿಮೆಯಾದಾಗ ಆ ಪದರ ಲೋಹದ ಕನ್ನಡಿಯಂತೆ ಹೊಳೆಯಿತು. ಒತ್ತಡ ಸಡಿಲಿಸಿದಾಗ ಹೊಳಪು ಹೋಯಿತು. ಬೆಳ್ಳಿ ಅದೇ ಬೆಳ್ಳಿ. ಅಂತರ ಮಾತ್ರ ಬೇರೆ.

ನಮ್ಮ ಬೆಂಗಳೂರಿನಲ್ಲೂ ಅದೇ ದಶಕದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಚಿನ್ನ, ಬೆಳ್ಳಿ ಮುಂತಾದ ಲೋಹಗಳ ಅತಿ ಸಣ್ಣ ಕಣಗಳನ್ನು ಟನಲಿಂಗ್ ಸೂಕ್ಷ್ಮದರ್ಶಕದ ಸೂಜಿಮೊನೆಯಿಂದ ಪರೀಕ್ಷಿಸಿದರು. ಕಣ ಸುಮಾರು ಒಂದು ನ್ಯಾನೊಮೀಟರಿಗೆ ಇಳಿದಾಗ ಲೋಹ ತನ್ನ ಲೋಹಗುಣವನ್ನೇ ಬಿಡತೊಡಗುತ್ತದೆ. ಒಟ್ಟಿಗೆ ಸೇರಿ ನಂಟು ಬೆಳೆಸಲು ಬೇಕಾದಷ್ಟು ಪರಮಾಣುಗಳು ಅಲ್ಲಿ ಇರುವುದಿಲ್ಲ.

ಇದರಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಬಹುದು. ಉತ್ತರಕ್ಕೆ ರಾಯಚೂರು ಜಿಲ್ಲೆಗೇ ಮರಳೋಣ. ಚಿನ್ನದ ಗಣಿ ಇರುವ ಹಟ್ಟಿ ಈ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಚಿನ್ನವಿರುವ ಇಂಥ ಶಿಲೆಗಳಲ್ಲಿ ಆರ್ಸೆನಿಕ್ ಇರುವ ಖನಿಜವೂ ಬೆರೆತಿರುವುದುಂಟು. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಕಂಡುಬಂದಿದೆ. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರ ಚರ್ಮದ ಮೇಲೆ ಕಲೆ, ಗಂಟುಗಳು ಮೂಡುತ್ತವೆ. ಕ್ಯಾನ್ಸರ್ ಕೂಡ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಮ್ ಮಾತ್ರ.

ಈ ವಿಷವನ್ನು ತೋರಿಸಿಕೊಡಲು ಚಿನ್ನವೇ ನೆರವಾಗಬಲ್ಲದು. ಹತ್ತಿಪ್ಪತ್ತು ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿದ್ದಾಗ ಹಳದಿಯಲ್ಲ, ಮಾಣಿಕ್ಯದಂತೆ ಕೆಂಪು. 1857ರಲ್ಲಿಯೇ ಮೈಕೆಲ್ ಫ್ಯಾರಡೆ ಈ ಕೆಂಪನ್ನು ಕುರಿತು ಬರೆದಿದ್ದರು. ಕಣಗಳು ಗುಂಪುಗೂಡಿದರೆ ದ್ರಾವಣ ನೀಲಿಗೆ ತಿರುಗುತ್ತದೆ. ಇಲ್ಲಿ ಎಲೆಕ್ಟ್ರಾನು ಕಣದಿಂದ ಕಣಕ್ಕೆ ದಾಟಲೇಬೇಕೆಂದಿಲ್ಲ. ಬೆಳಕು ಬಿದ್ದಾಗ ಒಂದು ಕಣದ ಎಲೆಕ್ಟ್ರಾನುಗಳು ತೂಗಾಡುವುದನ್ನು ಪಕ್ಕದ ಕಣದವು ಅನುಭವಿಸಿ ತಾವೂ ಜತೆಗೂಡುತ್ತವೆ. ಇದು ಯುಗ್ಮನದ ಇನ್ನೊಂದು ಬಗೆ. ಆರ್ಸೆನಿಕನ್ನು ಹಿಡಿಯುವ ಅಣುಗಳನ್ನು ಚಿನ್ನದ ಕಣಗಳಿಗೆ ಅಂಟಿಸಿದರೆ, ನೀರಿನಲ್ಲಿರುವ ಆರ್ಸೆನಿಕ್ ಅವನ್ನು ಒಂದೆಡೆಗೆ ಎಳೆಯುತ್ತದೆ, ಬಣ್ಣ ಬದಲಾಗುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಒಂದು ಎಚ್ಚರಿಕೆಯ ಮಾತು. ನೀರಿನಲ್ಲಿರುವ ಬೇರೆ ಲವಣಗಳೂ ಚಿನ್ನದ ಕಣಗಳನ್ನು ಗುಂಪುಗೂಡಿಸಬಲ್ಲವು. ಆದ್ದರಿಂದ ಬಣ್ಣವೊಂದನ್ನೇ ನಂಬದೆ, ಅನುಮಾನ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಈ ತೊಡಕನ್ನು ಬಿಡಿಸುವ ಕೆಲಸ ಇನ್ನೂ ಉಳಿದಿದೆ. ಆರ್ಸೆನಿಕ್ ಬಂದರೆ ಮಾತ್ರ ಹತ್ತಿರ ಸೇರುವ, ಬೇರೇನು ಬಂದರೂ ದೂರವೇ ಉಳಿಯುವ ಕಣಗಳು ಬೇಕು. ಇಂದು ರಸಾಯನಶಾಸ್ತ್ರ ಓದುತ್ತಿರುವ ನಿಮ್ಮಲ್ಲೇ ಯಾರಾದರೂ ನಾಳೆ ಆ ಕೆಲಸಕ್ಕೆ ಕೈಹಾಕಬಾರದೇಕೆ?